ಹೊಳಪಿಲ್ಲದ ಪರದೆ

ತಂಗಿಗೆ ಲ್ಯಾಪ್‌ಟಾಪ್ ಕೊಡಿಸಬೇಕು ಎನ್ನುವ ಯೋಚನೆ ಅಣ್ಣನ ತಲೆಗೆ ಹೊಕ್ಕಿದ್ದು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ. ಫಿಸಿಯೋಥೆರಪಿ ಮಾಡಿಸುವ ಹೆಂಗಸು ತಂಗಿಯ ಅಂಗೈಯಲ್ಲಿ ಸ್ಪಂಜಿನ ಚೆಂಡೊಂದನ್ನು ಇಟ್ಟು, "ಹಿಸುಕು, ಬಿಡು, ಹಿಸುಕು, ಬಿಡು" ಎನ್ನುತ್ತಿದ್ದಳು. ತಂಗಿ ಎರಡು ಸಲ ಹಿಸುಕಿ ಚೆಂಡನ್ನು ಮಂಚದ ಮೇಲೆ ಉರುಳಿಸಿಬಿಟ್ಟಳು.

"ಬೇಜಾರು," ಎಂದಳು.

"ಹೀಗೆ ಬಿಟ್ರೆ ಬೆರಳು ಕೊಕ್ಕೆ ಹಾಗೆ ನಿಂತ್ಬಿಡುತ್ತೆ ಕಣಮ್ಮ. ಚೆಂಡು ಬೇಡ ಅಂದ್ರೆ ಬಿಡು. ಬೆರಳಾಡಿಸೋ ಅಂಥ ಕೆಲಸ, ನಿಂಗೆ ಇಷ್ಟವಾದದ್ದು, ಏನಾದ್ರೂ ಇದ್ಯಾ?"

ತಂಗಿ ಗೋಡೆ ನೋಡಿದಳು. ಅಣ್ಣನೇ ಬಾಯಿ ಹಾಕಿದ. "ಗುಂಡು ಹಾರಿಸೋ ಗೇಮ್ ಆಡ್ತಿದ್ಲು. ಕಂಪ್ಯೂಟರಲ್ಲಿ. ಊಟ ನಿದ್ದೆ ಬಿಟ್ಟು ಆಡ್ತಿದ್ಲು."

"ಮತ್ತೆ ಅದಕ್ಕಿಂತ ಒಳ್ಳೆ ವ್ಯಾಯಾಮ ಎಲ್ಲಿದೆ? ಆಡಿಸಿ!"

ತಂಗಿ ದೊಡ್ಡ ಬೇಕರಿಯೊಂದರಲ್ಲಿ ಬ್ರೆಡ್ಡಿನ ಓವನ್ ನೋಡಿಕೊಳ್ಳುತ್ತಿದ್ದವಳು. ಬಾಯಿ ತೆರೆದರೆ ಮುಚ್ಚುವ ಜಾತಿಯಲ್ಲ; ಅದಕ್ಕೇ ಮನೆಯಲ್ಲೂ ಬೇಕರಿಯಲ್ಲೂ ಅವಳಿಗೆ ‘ಪಟಾಕಿ’ ಎಂದೇ ಹೆಸರು. ಒಂದು ಬೆಳಗ್ಗೆ ಓವನ್ನಿನ ಒಳಗಿನ ಸಣ್ಣ ಜ್ವಾಲೆ ಯಾರಿಗೂ ಗೊತ್ತಾಗದಂತೆ ಆರಿಹೋಗಿ, ಗ್ಯಾಸು ಒಳಗೇ ತುಂಬಿಕೊಂಡಿತ್ತು. ಅವಳು ಬಾಗಿಲು ತೆರೆದು, ಜ್ವಾಲೆ ಕಾಣದೆ ಲೈಟರ್ ಒತ್ತಿದಳು. ಬೆಂಕಿ ಒಮ್ಮೆ ಹೊರಗೆ ನಾಲಗೆ ಚಾಚಿ ಒಳಗೆ ಎಳೆದುಕೊಂಡಿತು, ಅಷ್ಟೇ, ಎಂದು ನೋಡಿದವರು ಹೇಳಿದರು. ಅಷ್ಟಕ್ಕೇ ಮುಖದ ಎಡಭಾಗ, ಕತ್ತು, ಎರಡೂ ಕೈ ಬೆಂದಿದ್ದವು. ಕಣ್ಣು ಉಳಿದದ್ದೇ ದೊಡ್ಡದು ಎಂದರು ಡಾಕ್ಟರು. ತೊಡೆಯಿಂದ ಚರ್ಮ ತೆಗೆದು ಕೆನ್ನೆಗೂ ಕತ್ತಿಗೂ ಕೂರಿಸಿದರು. ಆವತ್ತಿನಿಂದ ಮನೆಯಲ್ಲಿ ಯಾರೂ ಅವಳನ್ನು ಪಟಾಕಿ ಎಂದು ಕರೆದಿಲ್ಲ. ಕರೆಯಲು ನಾಲಗೆ ಏಳಲಿಲ್ಲ.

ಅಮ್ಮ ಮುಂಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಬಟ್ಟೆ ಹೊಲಿಯುವವಳು. ಮಗಳು ಆಸ್ಪತ್ರೆಯಿಂದ ಬರುವ ಹಿಂದಿನ ದಿನ, ಗಿರಾಕಿಗಳು ಅಳತೆ ನೋಡಿಕೊಳ್ಳುತ್ತಿದ್ದ ಆಳೆತ್ತರದ ಕನ್ನಡಿಯನ್ನು ಮೇಲಿನ ಮಹಡಿಯವರಿಗೆ ಕೊಟ್ಟುಬಿಟ್ಟಳು. ಅದರ ಹಿಂದೆಯೇ ಬಚ್ಚಲಿನ ಕನ್ನಡಿ ಹೋಯಿತು, ಪೌಡರ್ ಡಬ್ಬಿಯ ಮುಚ್ಚಳದೊಳಗಿನದೂ ಹೋಯಿತು. ಸ್ಟೀಲಿನ ತಟ್ಟೆ ಲೋಟಗಳು ಅಟ್ಟ ಸೇರಿ ಪಿಂಗಾಣಿಯವು ಕೆಳಗಿಳಿದವು. ಅಣ್ಣ ಗಡ್ಡ ಬೋಳಿಸಿಕೊಳ್ಳಲು ಬಸ್ ಡಿಪೋಗೆ ಹೋಗುವಂತಾಯಿತು. ಅವನು ಸಿಟಿ ಬಸ್ಸಿನ ಡ್ರೈವರು. ಡಿಪೋದ ಬಚ್ಚಲಿನಲ್ಲಿ ಒಡಕು ಕನ್ನಡಿಯೊಂದು ಇತ್ತು.

ಕನ್ನಡಿಗಳು ಎಲ್ಲಿ ಹೋದವು ಎಂದು ತಂಗಿ ಒಂದು ದಿನವೂ ಕೇಳಲಿಲ್ಲ. ಕೇಳದಿದ್ದದ್ದು ಮನೆಯವರಿಗೆ ಸಮಾಧಾನವೂ ಆಗಿತ್ತು, ಎದೆಯ ಮೇಲಿನ ಕಲ್ಲೂ ಆಗಿತ್ತು. ಹೊಸ ಚರ್ಮಕ್ಕೆ ಬಿಸಿಲು ತಾಗಬಾರದೆಂದು ಅವಳ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ್ದರು. ಆ ಕತ್ತಲೆಯಲ್ಲಿ ಸುಟ್ಟ ಚರ್ಮ ಗಂಟು ಕಟ್ಟದಿರಲೆಂದು ಆಸ್ಪತ್ರೆಯವರು ಕೊಟ್ಟ ಬಿಗಿಯಾದ ಕೈಗವಸು ಹಾಕಿಕೊಂಡು ಅವಳು ಒರಗಿ ಕೂತಿರುತ್ತಿದ್ದಳು. ಅವಳ ಮೊಬೈಲು ಬೇಕರಿಯ ಬೆಂಕಿಗೇ ಹೋಗಿತ್ತು; ಹೊಸದನ್ನು ಯಾರೂ ತಂದಿರಲಿಲ್ಲ. ಹಳೆಯ ಕಂಪ್ಯೂಟರು ಮೂಲೆಯ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಕತ್ತು ನೆಟ್ಟಗೆ ಹಿಡಿದು ಕುರ್ಚಿಯಲ್ಲಿ ಕೂರಲು ಅವಳಿಗೆ ಇನ್ನೂ ಆಗುತ್ತಿರಲಿಲ್ಲ. ಹಾಸಿಗೆಯ ಮೇಲೆ ಇಡುವ ಪುಟ್ಟ ಮೇಜು, ಅದರ ಮೇಲೆ ಲ್ಯಾಪ್‌ಟಾಪು. ಅಣ್ಣನಿಗೆ ದಾರಿ ಸ್ಪಷ್ಟವಾಗಿತ್ತು. ಅಮ್ಮನಿಗೆ ಹೇಳಿದಾಗ, "ಬೆರಳಿಗೆ ಒಳ್ಳೇದಾಗುತ್ತೆ ಅಂದ್ರೆ ತಾ," ಎಂದಳು.

ಅಂಗಡಿಯಲ್ಲಿ ಸೇಲ್ಸ್‌ಮನ್ ಒಬ್ಬ ಟೈ ಸರಿಮಾಡಿಕೊಳ್ಳುತ್ತ ಎದುರಾದ.

"ಗೇಮಿಂಗಾ ಸಾರ್? ಹಾಗಾದ್ರೆ ಮೊದ್ಲು ಸ್ಕ್ರೀನ್ ಡಿಸೈಡ್ ಮಾಡ್ಕೊಳ್ಳಿ. ಫುಲ್ ಎಚ್‌ಡಿನಾ, ಫೋರ್ ಕೆನಾ? ಮ್ಯಾಟಾ, ಗ್ಲಾಸಿನಾ?"

"ನಾನು ಬಸ್ ಓಡಿಸೋನು ಸ್ವಾಮಿ. ನನ್ನ ತಲೆಗೆ ಹೋಗೋ ಹಾಗೆ ಹೇಳಿ."

"ನೋಡಿ, ಪರದೆ ಅಂದ್ರೆ ಚುಕ್ಕಿಗಳು. ಚುಕ್ಕಿ ಹೆಚ್ಚಿದಷ್ಟೂ ಚಿತ್ರ ನುಣುಪು. ಎಷ್ಟು ಚುಕ್ಕಿ ಅನ್ನೋದೇ ರೆಸಲ್ಯೂಶನ್ನು. ಫುಲ್ ಎಚ್‌ಡಿಗೆ ಹೋಲ್ಸಿದ್ರೆ ಫೋರ್ ಕೆಲಿ ನಾಲ್ಕು ಪಟ್ಟು ಚುಕ್ಕಿ. ಒಂದೊಂದು ಕೂದಲೂ ಎಣಿಸ್ಬಹುದು."

"ಅಷ್ಟೂ ಚುಕ್ಕಿ ಬರೆಯೋಕೆ ಒಳಗಿರೋ ಯಂತ್ರಕ್ಕೆ ಕಷ್ಟ ಆಗಲ್ವಾ?"

"ಸ್ವಲ್ಪ ಆಗುತ್ತೆ, ಸ್ವಲ್ಪ," ಎಂದು ಸೇಲ್ಸ್‌ಮನ್ ಆ ಮಾತನ್ನು ನೊಣ ಓಡಿಸಿದ ಹಾಗೆ ಓಡಿಸಿ, ಅಕ್ಕಪಕ್ಕ ಇಟ್ಟಿದ್ದ ಎರಡು ಲ್ಯಾಪ್‌ಟಾಪುಗಳ ಎದುರು ಅವನನ್ನು ನಿಲ್ಲಿಸಿದ.

ಎರಡರಲ್ಲೂ ಒಂದೇ ಚಿತ್ರ ಓಡುತ್ತಿತ್ತು: ಗಿಳಿಯೊಂದು ಹಣ್ಣು ಕುಕ್ಕುತ್ತಿತ್ತು. ಮ್ಯಾಟ್ ಎನ್ನುವ ಪರದೆಯಲ್ಲಿ ಗಿಳಿ ಹಸಿರಾಗಿಯೇ ಇತ್ತು, ಆದರೆ ಅದರ ಮೇಲೆ ಹಾಲಿನ ತೆಳು ಕೆನೆ ಕಟ್ಟಿದ ಹಾಗಿತ್ತು. ಗ್ಲಾಸಿಯಲ್ಲಿ ಅದೇ ಗಿಳಿ ಈಗಷ್ಟೇ ಮಳೆಯಲ್ಲಿ ತೊಯ್ದು ಬಂದಂತೆ ಮಿರುಗುತ್ತಿತ್ತು. ಹಣ್ಣಿನ ಕೆಂಪು ಕಣ್ಣಿಗೆ ನುಗ್ಗಿತು. ಎಷ್ಟೋ ತಿಂಗಳಿಂದ ಬೂದು ಗೋಡೆ, ಬಿಳಿ ಬ್ಯಾಂಡೇಜು ಬಿಟ್ಟು ಏನನ್ನೂ ನೋಡದ ತಂಗಿ ಅಣ್ಣನಿಗೆ ನೆನಪಾದಳು.

"ಗ್ಲಾಸಿಗೆ ತೊಂದ್ರೆ ಒಂದೇ ಸಾರ್. ಬೆಳಕಲ್ಲಿ ಕೂತ್ರೆ ಕಿಟಕಿ, ಬಲ್ಬು ಎಲ್ಲಾ ಅದರೊಳಗೇ ಕಾಣುತ್ತೆ. ಕೋಣೆ ಹೇಗಿದೆ?"

"ಕತ್ತಲೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದೀವಿ."

"ಮತ್ತೇನ್ ಯೋಚ್ನೆ? ಕಣ್ಮುಚ್ಕೊಂಡು ಗ್ಲಾಸಿ ತಗೊಳ್ಳಿ!"

ತಂಗಿಯನ್ನು ಒಂದು ಮಾತು ಕೇಳೋಣವೇ ಎಂದು ಅಣ್ಣ ಒಂದು ಗಳಿಗೆ ಯೋಚಿಸಿದ. ಅವಳಿಗೆ ಇದೆಲ್ಲ ಅವನಿಗಿಂತ ಚೆನ್ನಾಗಿ ಗೊತ್ತು. ಆದರೆ ಹೇಳದೆ ಕೇಳದೆ ಒಯ್ದು ಮುಂದಿಟ್ಟರೆ ಅವಳ ಮುಖ ಅರಳುವುದನ್ನು ನೋಡಬಹುದು ಎನ್ನುವ ಆಸೆ ಗೆದ್ದಿತು. ಫೋರ್ ಕೆ, ಗ್ಲಾಸಿ. ಇದ್ದದ್ದರಲ್ಲಿ ಅತ್ಯುತ್ತಮ.

ಸಂಜೆ ಮನೆಗೆ ಬಂದವನೇ ಹಾಸಿಗೆಯ ಮೇಲಿನ ಮೇಜನ್ನು ತಂಗಿಯ ಎದುರಿಗೆ ಸರಿಸಿದ.

"ಕಣ್ಣು ಮುಚ್ಚು."

"ಏನಣ್ಣ ಇದು, ಚಿಕ್ಕ ಮಕ್ಕಳ ಆಟ?"

"ಮುಚ್ಚು ಅಂದ್ರೆ ಮುಚ್ಚೇ!"

ಪೆಟ್ಟಿಗೆಯಿಂದ ತೆಗೆದು ಇಟ್ಟ. ಹೊಸ ವಸ್ತು ಕತ್ತಲಲ್ಲಿ ಕಾಣಬೇಕಲ್ಲ ಎಂದು ಟ್ಯೂಬ್‌ಲೈಟ್ ಹಾಕಿದ. ಮುಚ್ಚಳ ಎತ್ತಿ, ಗುಂಡಿ ಒತ್ತಿ, ಅವಳ ಹಿಂದೆ ಬಂದು ನಿಂತು, "ಈಗ ತೆಗಿ," ಎಂದ.

ಪರದೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಆ ಕಪ್ಪು ಗಾಜಿನಲ್ಲಿ ಟ್ಯೂಬ್‌ಲೈಟಿನ ಬಿಳಿ ಗೆರೆ ಕಂಡಿತು, ಅಲಮಾರಿನ ಅಂಚು ಕಂಡಿತು, ಹಲ್ಲು ಕಿರಿದು ನಿಂತಿದ್ದ ಅಣ್ಣ ಕಂಡ. ಅವನ ಮುಂದೆ, ನಟ್ಟನಡುವೆ, ಅವಳು.

ತಂಗಿ ಕಿರುಚಲಿಲ್ಲ. ಅವಳ ಕೈ ಮೆಲ್ಲಗೆ ಎದ್ದು ಎಡಗೆನ್ನೆಯ ಹತ್ತಿರ ಹೋಯಿತು. ಗಾಜಿನೊಳಗಿನ ಕೈಯೂ ಹೋಯಿತು. ಕಣ್ಣಿನ ಕೆಳಗಿನ ಚರ್ಮ ಕೆಳಕ್ಕೆ ಜಗ್ಗಿದ್ದನ್ನು, ಬಾಯಿಯ ಒಂದು ತುದಿ ಕತ್ತಿನ ಕಡೆಗೆ ಎಳೆದುಕೊಂಡದ್ದನ್ನು ಅವಳು ನೋಡಿದಳು.

"ಓ," ಎಂದಳು. ಅಷ್ಟೇ.

ಆಗ ಪರದೆ ಹೊತ್ತಿಕೊಂಡಿತು. ಯಾವುದೋ ಸಂಗೀತ, ಬಣ್ಣದ ಅಲೆಗಳು. ಮುಖ ಮಾಯವಾಯಿತು. ತಂಗಿ ಗವಸಿನ ಎರಡೂ ಕೈಗಳಿಂದ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದಳು.

"ಲೈಟ್ ಆರ್ಸು ಅಣ್ಣ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ದನಿ ಎತ್ತುವ ಹಾಗಿರಲಿಲ್ಲ. ಹಲ್ಲು ಕಚ್ಚಿಯೇ ಬೈದಳು.

"ಮನೇಲಿದ್ದ ಒಂದೊಂದೇ ಚೂರು ಹುಡುಕಿ ಹೊರಗೆ ಹಾಕ್ದೆ ನಾನು. ತಟ್ಟೆ ಬಿಡ್ಲಿಲ್ಲ, ಚಮಚ ಬಿಡ್ಲಿಲ್ಲ. ನೀನು ಅಷ್ಟಗಲದ್ದು ತಂದು ಅವಳ ಮಡಿಲಲ್ಲೇ ಇಟ್ಯಲ್ಲೋ! ತಲೇಲಿ ಮೆದುಳಿದ್ಯಾ, ಡೀಸಲ್ ಇದ್ಯಾ?"



ಮರುದಿನ ಅವನಿಗೆ ಸಂಜೆಯ ಪಾಳಿ. ಹೊತ್ತು ಇಳಿದು ಬೀದಿದೀಪಗಳು ಹತ್ತುವ ಹೊತ್ತಿಗೆ, ಎಂದಿನಂತೆ ಅವನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಸೀಟಿನ ಬೆನ್ನಿಗಿದ್ದ ಕಪ್ಪು ಬಟ್ಟೆಯನ್ನು ಎಳೆಯಿತು. ಅದನ್ನು ಎಳೆಯದಿದ್ದರೆ ಬಸ್ಸಿನೊಳಗಿನ ಬೆಳಕು ಎದುರಿನ ಗಾಜಿಗೆ ಬಿದ್ದು, ರಸ್ತೆಯ ಬದಲು ಪ್ರಯಾಣಿಕರ ಮುಖಗಳೇ ಅದರಲ್ಲಿ ತೇಲುತ್ತವೆ. ಬಸ್ ಹಿಡಿದ ಮೊದಲ ವಾರದಲ್ಲೇ ಕಲಿತ ಪಾಠ. ಹಿಂದೆ ಬೆಳಕು, ಮುಂದೆ ಕಪ್ಪು ಗಾಜು; ಮಧ್ಯೆ ಇರುವವರು ಕಂಡೇ ಕಾಣುತ್ತಾರೆ. ಎಷ್ಟೋ ವರ್ಷಗಳಿಂದ ದಿನವೂ ಮಾಡುವ ಕೆಲಸ. ಬಟ್ಟೆಯ ತುದಿ ಹಿಡಿದುಕೊಂಡೇ ಅವನು ಕೂತುಬಿಟ್ಟ. ಹಿಂದಿನಿಂದ ಕಂಡಕ್ಟರು, "ಏನ್ ಗುರೂ, ಹಸಿರು ಬಿದ್ದು ಎಷ್ಟೊತ್ತಾಯ್ತು!" ಎಂದು ಕೂಗಿದ ಮೇಲೆಯೇ ಬಸ್ಸು ಮುಂದೆ ಹೋದದ್ದು.

ತಂಗಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಊಟ ಕೊಟ್ಟರೆ ಉಂಡಳು, ಮದ್ದು ಕೊಟ್ಟರೆ ಹಚ್ಚಿಸಿಕೊಂಡಳು. ಬಾಗಿಲು ಹಾಕಿಕೊಂಡಿದ್ದ ಹೊತ್ತಿನಲ್ಲಿ ಕೆಳಗಿನ ಸಂದಿಯಿಂದ ಟ್ಯೂಬ್‌ಲೈಟಿನ ಬೆಳಕು ಬರುತ್ತಿದ್ದುದನ್ನು ಅಣ್ಣ ನೋಡಿದ. ಅವಳು ದೀಪ ಹಾಕಿಕೊಂಡು ಏನು ಮಾಡುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಬಾಗಿಲು ತಟ್ಟಲು ಧೈರ್ಯವಾಗಲಿಲ್ಲ.

ಮೂರನೆಯ ದಿನ ಅವಳೇ ಕರೆದಳು. ಲ್ಯಾಪ್‌ಟಾಪು ಎದುರಿಗೆ ತೆರೆದಿತ್ತು.

"ಅಣ್ಣ, ಇದು ಎಷ್ಟು ರೆಸಲ್ಯೂಶನ್ನು?"

ಅವನು ಏನೇನೋ ಮಾತಿಗೆ ಸಿದ್ಧವಾಗಿ ಬಂದಿದ್ದ, ಇದಕ್ಕೆ ಅಲ್ಲ. "ಫೋರ್ ಕೆ," ಎಂದ. "ಎಲ್ಲಕ್ಕಿಂತ ಒಳ್ಳೇದು ಅಂದ್ರು."

"ನಿಂಗೆ ಟೊಪ್ಪಿ ಹಾಕಿದಾರೆ. ಒಳಗಿರೋ ಗ್ರಾಫಿಕ್ಸ್ ಕಾರ್ಡು ಇಷ್ಟು ಚುಕ್ಕಿ ಎಳೆಯಲ್ಲ. ಇಲಿ ಬೆನ್ನಿಗೆ ಮೂಟೆ ಕಟ್ಟಿದ ಹಾಗಾಗಿದೆ. ಆಟದಲ್ಲಿ ನಾನು ತಿರುಗ್ತೀನಿ, ಒಂದು ಗಳಿಗೆ ಬಿಟ್ಟು ಚಿತ್ರ ತಿರುಗುತ್ತೆ. ಅಷ್ಟೊತ್ತಿಗೆ ನನ್ನ ಹೆಣ ಬಿದ್ದಿರುತ್ತೆ."

"ಬದಲಾಯಿಸ್ಕೊಂಡು ಬರ್ತೀನಿ. ಒಂದು ವಾರದೊಳಗೆ ಬದಲಾಯಿಸ್ಬಹುದು ಅಂದಿದಾರೆ. ನಾಳೇನೇ..."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಅಣ್ಣ."

"ಖುಷಿ ಆಗ್ಲಿ ಅಂತ... ಹೇಳ್ದೆ ತರೋಣ ಅಂತ..."

"ಲ್ಯಾಪ್‌ಟಾಪ್ ವಿಷ್ಯ ಅಲ್ಲ ನಾನು ಹೇಳ್ತಿರೋದು." ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. "ನೀನು ನೋಡಿದೀಯ. ಅಮ್ಮ ನೋಡಿದಾಳೆ. ಡ್ರೆಸಿಂಗ್ ಮಾಡೋ ನರ್ಸು, ಕಸ ಗುಡ್ಸೋಳು, ಲಿಫ್ಟಿನವನು, ಎಲ್ರೂ ನೋಡಿದಾರೆ. ನಾನೊಬ್ಳೇ ನೋಡಿರ್ಲಿಲ್ಲ. ನನ್ನ ಮುಖ ಅಣ್ಣ ಅದು!"

ಅಣ್ಣ ಹಾಸಿಗೆಯ ತುದಿಯಲ್ಲಿ ಕೂತ. ತಪ್ಪಾಯಿತು ಎನ್ನಬೇಕೆಂದಿದ್ದ. ಅದು ಬಾಯಿಗೆ ಬರುವ ಮೊದಲೇ ಅವಳು, "ನಾಳೆ ನಾನೂ ಬರ್ತೀನಿ. ನಾನೇ ಆರಿಸ್ತೀನಿ," ಎಂದಳು.

ಅಮ್ಮ ಬೇಡವೇ ಬೇಡ ಎಂದಳು. ಬಿಸಿಲು ಎಂದಳು, ಧೂಳು ಎಂದಳು, ಕೊನೆಗೆ ಬಾಗಿಲಿಗೆ ಅಡ್ಡ ನಿಂತಳು. ತಂಗಿ ತಲೆಗೆ ಅಗಲ ಅಂಚಿನ ಟೋಪಿ, ಮುಖಕ್ಕೆ ಸ್ಕಾರ್ಫು ಸುತ್ತಿಕೊಂಡು ಅಮ್ಮನ ಎದುರು ಸುಮ್ಮನೆ ಕಾದಳು. ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಸರಿದು, ಯಂತ್ರದ ಮುಂದೆ ಕೂತು, ಬಟ್ಟೆ ಇಲ್ಲದೆಯೇ ಪೆಡಲು ತುಳಿಯತೊಡಗಿದಳು.

ಅಂಗಡಿಯೊಳಗೆ ಲ್ಯಾಪ್‌ಟಾಪುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಕೆಲವು ಹೊತ್ತಿದ್ದವು, ಕೆಲವು ಆರಿದ್ದವು. ಛಾವಣಿಯ ತುಂಬ ದೀಪ. ಆರಿದ ಪ್ರತಿಯೊಂದು ಗ್ಲಾಸಿ ಪರದೆಯಲ್ಲೂ ಟೋಪಿ ಹಾಕಿದ, ಮುಖ ಕಟ್ಟಿಕೊಂಡ ಒಬ್ಬಳು ಇವರ ಜೊತೆಗೇ ನಡೆದು ಬರುತ್ತಿದ್ದಳು. ಅಣ್ಣನಿಗೆ ಅವಳನ್ನು ಹಾಗೇ ಎತ್ತಿಕೊಂಡು ಹೊರಗೆ ಓಡಬೇಕೆನಿಸಿತು. ಸಾಲಿನ ಕೊನೆಯಲ್ಲಿ ತಂಗಿ ನಿಂತಳು. ಆರಿದ ಪರದೆಯೊಂದರ ಮುಂದೆ ಬಗ್ಗಿ ಸ್ಕಾರ್ಫು ಕೆಳಗೆಳೆದು, ಎಡಕ್ಕೆ ತಿರುಗಿ ನೋಡಿಕೊಂಡಳು. ಬಲಕ್ಕೆ ತಿರುಗಿ ನೋಡಿಕೊಂಡಳು. ಪಕ್ಕದಲ್ಲಿ ಪ್ರಿಂಟರು ನೋಡುತ್ತಿದ್ದ ದಂಪತಿಗಳು ಮಾತು ನಿಲ್ಲಿಸಿ ಆಚೆ ಹೋದರು. ಅವಳು ಸ್ಕಾರ್ಫನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳಲಿಲ್ಲ. 

ಅದೇ ಸೇಲ್ಸ್‌ಮನ್ ಬಂದ. ಒಂದು ಸಲ ಅವಳ ಕಡೆ ನೋಡಿದವನು ಆಮೇಲೆ ಕಣ್ಣನ್ನು ಅಣ್ಣನ ಮೇಲೆಯೇ ನೆಟ್ಟ.

"ಮೇಡಂ ಅವ್ರಿಗೆ ಏನು ಪ್ರಾಬ್ಲಂ ಆಯ್ತಂತೆ ಸಾರ್?"

"ಮೇಡಂ ಇಲ್ಲೇ ಇದಾರೆ," ಎಂದಳು ತಂಗಿ. "ಅವ್ರಿಗೆ ಕಿವಿನೂ ಕೇಳುತ್ತೆ, ಮಾತೂ ಬರುತ್ತೆ."

ಸೇಲ್ಸ್‌ಮನ್ ಕೆಮ್ಮಿದ. "ಹೇಳಿ ಮೇಡಂ."

"ಫುಲ್ ಎಚ್‌ಡಿ ಕೊಡಿ. ಮ್ಯಾಟ್ ಇರೋದು. ರಿಫ್ರೆಶ್ ರೇಟ್ ಜಾಸ್ತಿ ಇರ್ಬೇಕು, ಚಿತ್ರ ಬೇಗ ಬೇಗ ಬದಲಾಗ್ಬೇಕು."

"ಫೋರ್ ಕೆಯಿಂದ ಫುಲ್ ಎಚ್‌ಡಿಗೆ ಇಳೀತೀರಾ ಮೇಡಂ? ಜನ ಮೇಲಕ್ಕೆ ಹೋಗ್ತಾರೆ. ಡೀಟೇಲ್ ನೋಡಿ ಇದ್ರಲ್ಲಿ, ಒಂದೊಂದು ಕೂದಲೂ..."

"ಶತ್ರು ನನ್ನ ಹೊಡ್ದು ಮಲಗಿಸಿದ ಮೇಲೆ ಅವನ ಮೀಸೆ ಎಷ್ಟು ಸ್ಪಷ್ಟವಾಗಿ ಕಂಡ್ರೆ ಏನು ಬಂತು? ನಂಗೆ ಕೂದಲು ಬೇಡ. ನಾನು ತಿರುಗಿದ ತಕ್ಷಣ ಅದೂ ತಿರುಗ್ಬೇಕು."

ಅಣ್ಣನಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿ ಕೇಳಿ ಬಂದ ನಗು. ಆದರೆ ಅವಳು ನಗುತ್ತಿರಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಎರಡು ಮ್ಯಾಟ್ ಲ್ಯಾಪ್‌ಟಾಪು ಬಂದವು. ಎರಡರಲ್ಲೂ ಬರಿ ಬಿಳಿ ಪುಟ ತೆರೆಸಿದಳು. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿ, ಛಾವಣಿಯ ದೀಪ ನೇರವಾಗಿ ಬೀಳುವ ಹಾಗೆ ಇಟ್ಟು ನೋಡಿದಳು. ಒಂದರ ಬಿಳಿ ಪುಟದ ಮೇಲೆ ಸಣ್ಣ ಮರಳು ಚೆಲ್ಲಿದ ಹಾಗೆ ಕಾಣುತ್ತಿತ್ತು. "ಲೇಪ ಜಾಸ್ತಿಯಾಗಿದೆ ಇದಕ್ಕೆ, ಓದೋವಾಗ ಕಣ್ಣು ಉರಿಯುತ್ತೆ," ಎಂದು ಅದನ್ನು ಸರಿಸಿದಳು. ಇನ್ನೊಂದರಲ್ಲಿ ದೀಪ ಮಸುಕಾದ ಒಂದು ಬಿಳಿ ಮಚ್ಚೆಯಾಗಿ ಮಾತ್ರ ಹರಡಿತ್ತು. ಅದರ ಮುಂದೆ ಅವಳು ಮುಖ ತಂದಳು. ಬರಿ ನೆರಳು, ಯಾರದಾದರೂ ಆಗಬಹುದಾದ ನೆರಳು.

"ಇದು," ಎಂದಳು.

ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಅತ್ತಳು. ಕಣ್ಣೀರು ಕೆನ್ನೆಯ ಹೊಸ ಚರ್ಮಕ್ಕೆ ತಾಗಿ ಉರಿ ಹತ್ತಿ, "ಅಯ್ಯೋ, ಉಪ್ಪು, ಉಪ್ಪು" ಎಂದು ಒದ್ದಾಡಿದಳು. ಒರೆಸುವ ಹಾಗೂ ಇರಲಿಲ್ಲ. ಅಣ್ಣ ಬಾಗಿ ಮೆಲ್ಲಗೆ ಊದಿದ, ಚಿಕ್ಕಂದಿನಲ್ಲಿ ಅವಳು ಮಂಡಿ ತರಚಿಕೊಂಡಾಗ ಊದುತ್ತಿದ್ದ ಹಾಗೆ. ಟ್ಯಾಕ್ಸಿಯವನು ಹಿಂದೆ ನೋಡಲಿಲ್ಲ, ಕಿಟಕಿ ಮಾತ್ರ ಇಳಿಸಿದ.

"ಎಲ್ರೂ ಬೇರೆ ಕಡೆ ನೋಡ್ತಾರೆ ಅಣ್ಣ," ಎಂದಳು. "ನೋಡಿದ್ರೂ ಪರವಾಗಿಲ್ಲ. ಬೇರೆ ಕಡೆ ನೋಡ್ತಾರಲ್ಲ, ಅದೇ ಆಗಲ್ಲ."

ಮಧ್ಯಾಹ್ನವೆಲ್ಲ ಮಲಗಿ ಎದ್ದವಳು ಸಂಜೆ ತನ್ನ ಹಳೆಯ ಆಟಕ್ಕೆ ಹೋದಳು. ನಾಲ್ಕು ಜನರ ತಂಡ ಅದು. ಆಡುತ್ತ ಒಬ್ಬರಿಗೊಬ್ಬರು ಮಾತಾಡುವ ಆಟ. ಎಡಗಿವಿ ಇನ್ನೂ ಮಾಯದಿದ್ದರಿಂದ ಹೆಡ್‌ಫೋನ್ ಹಾಕುವ ಹಾಗಿರಲಿಲ್ಲ. ಮಾತೆಲ್ಲ ಸ್ಪೀಕರಿನಲ್ಲಿಯೇ ಬಂದು ಮನೆಗೆಲ್ಲ ಕೇಳುತ್ತಿತ್ತು. ಅಣ್ಣ ಅವಳ ಎಡಗೈ ಬೆರಳುಗಳನ್ನು ಕೀಲಿಗಳ ಮೇಲೆ ಕೂರಿಸಿಕೊಟ್ಟ. ಉಂಗುರದ ಬೆರಳು ಬಾಗಲು ಒಪ್ಪದೆ ನೆಟ್ಟಗೆ ನಿಂತಿತ್ತು.

ತಂಡದಲ್ಲಿ ಅವಳಿಗೆ ಹತ್ತಿರದವಳು ಬೇಕರಿಯಲ್ಲೇ ಕೇಕಿನ ಮೇಲೆ ಹೂ ಬಿಡಿಸುವ ಗೆಳತಿ. ಎಲ್ಲರೂ ‘ಕೇಕಿನವಳು’ ಎನ್ನುತ್ತಿದ್ದರು. ತಂಗಿಯ ಗುರುತು ಪರದೆಯ ಮೇಲೆ ಮೂಡಿದ್ದೇ ತಡ, ಸ್ಪೀಕರು ಚೀರಿತು.

"ಪಟಾಕಿ? ಏ ಪಟಾಕಿ, ನೀನೇನಾ? ಬದುಕಿದೀಯೇನೇ?"

ಆ ಹೆಸರು ಕೇಳಿ ಅಣ್ಣ ಬೆಚ್ಚಿದ. ತಂಗಿ ಬೆಚ್ಚಲಿಲ್ಲ. ಬಿಗಿದ ದನಿಯಲ್ಲಿ, "ಬದುಕಿದೀನಿ. ನೀನು ಸತ್ತಿದ್ದೆ ಅಂದ್ಕೊಂಡಿದ್ದೆ. ಬೇಕರಿಯಿಂದ ಒಂದು ನರಪಿಳ್ಳೆ ಬರ್ಲಿಲ್ಲ ನನ್ನ ನೋಡೋಕೆ. ನೀನೂ ಬರ್ಲಿಲ್ಲ," ಎಂದಳು.

"ಬರ್ಲಿಲ್ವಾ? ಎಷ್ಟು ಸಲ ಬಂದೆ ಕಣೇ! ನಿಮ್ಮಮ್ಮ ಬಾಗಿಲಲ್ಲೇ ನಿಂತು, 'ಯಾರನ್ನೂ ನೋಡಲ್ಲ ಅಂದಿದಾಳೆ, ನಿನ್ನ ಹೆಸರು ಹಿಡಿದೇ ಬೇಡ ಅಂದಿದಾಳೆ' ಅಂದ್ರು. ಬೆಳಗ್ಗೆ ಓವನ್ ಹೊತ್ತಿಸೋ ಸರದಿ ಅವತ್ತು ನಂದಾಗಿತ್ತು, ನನ್ನ ಬದ್ಲು ನಿನ್ನ ಕಳಿಸಿದ್ದೆ. ಅದಕ್ಕೇ ನನ್ನ ಮೇಲೆ ಸಿಟ್ಟು ಅಂದ್ಕೊಂಡೆ. ಎಷ್ಟು ಅತ್ತೆ ಗೊತ್ತಾ?"

ಮುಂಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು.

ತಂಗಿ ಅಣ್ಣನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಒಂದು ಸಲದ್ದು ಗೊತ್ತಿತ್ತು," ಎಂದ ಅವನು, ನೆಲ ನೋಡುತ್ತ. "ಮೆಟ್ಟಿಲಲ್ಲಿ ಸಿಕ್ಕಿದ್ಲು."

ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಅಮ್ಮ ಬಾಗಿಲಿಗೆ ಬಂದಳು. ತಂಗಿ ಅವಳನ್ನೇ ನೋಡಿದಳು.

"ಆಸ್ಪತ್ರೆಲಿ ನಿನ್ನ ಮೊದಲ್ನೇ ಸಲ ನೋಡ್ದಾಗ ನನ್ನ ಮುಖ ಹೇಗಾಯ್ತು ಅಂತ ನಂಗೊತ್ತು," ಎಂದಳು ಅಮ್ಮ. "ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿದ್ರು, ನೀನು ನೋಡ್ಲಿಲ್ಲ. ನರ್ಸು ನನ್ನ ಹೊರಗೆ ಕರ್ಕೊಂಡು ಹೋದ್ಲು. ಅಂಥ ಮುಖ ಮಾಡ್ಕೊಂಡು ಇನ್ನೊಬ್ರು ನಿನ್ನೆದುರಿಗೆ ನಿಲ್ಲೋದು ಬೇಡ ಅನ್ನಿಸ್ತು. ಇಷ್ಟೇ."

"ಅವಳು ನಿಂತಿದ್ರೆ ನಿಲ್ತಿದ್ಲು. ಅತ್ತಿದ್ರೆ ಅಳ್ತಿದ್ಲು." ತಂಗಿಯ ಕಣ್ಣು ತುಂಬಿದರೂ ಈ ಸಲ ಹನಿ ಕೆನ್ನೆಗೆ ಇಳಿಯದಂತೆ ತಲೆ ಹಿಂದಕ್ಕೆ ಬಾಗಿಸಿದಳು. "ನಂಗೆ ಯಾರೂ ಇಲ್ಲ ಅಂದ್ಕೊಂಡು ಮಲಗಿದ್ದೆ ಅಮ್ಮ, ಇಷ್ಟು ದಿನ. ನನ್ನ ಬಾಯಲ್ಲಿ ನೀನು ಮಾತಾಡ್ಬಾರ್ದಿತ್ತು."

ಅಮ್ಮ ಮುಂಕೋಣೆಗೆ ಹಿಂತಿರುಗಿದಳು. ಸ್ಪೀಕರಿನಿಂದ, "ಏ, ಇದೀರಾ? ಕರೆಂಟ್ ಹೋಯ್ತಾ?" ಎಂದು ಕೇಕಿನವಳು ಕೂಗುತ್ತಲೇ ಇದ್ದಳು.

ಭಾನುವಾರ ಕೇಕಿನವಳು ಬಂದಳು. ಅಮ್ಮ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಕೋಣೆಯ ಹೊಸ್ತಿಲಲ್ಲಿ ಕೇಕಿನವಳ ಮುಖ, ಅಮ್ಮ ಹೆದರಿದ್ದಂತೆಯೇ ಆಯಿತು, ಅದಕ್ಕಿಂತ ಕೆಟ್ಟದಾಯಿತು. ಅವಳು ಅಲ್ಲೇ ಕುಸಿದು ಗೊಳೋ ಎಂದು ಅತ್ತಳು. ತಂಗಿ ಬಿಳುಚಿಕೊಂಡು ಹಾಸಿಗೆಯ ಅಂಚು ಹಿಡಿದು ಕೂತಿದ್ದಳು. ಅಣ್ಣ ನಡುವೆ ಹೋಗಲೇ ಎಂದು ಒಂದು ಹೆಜ್ಜೆ ಇಟ್ಟ. ತಂಗಿ ಕೈ ಎತ್ತಿ ಬೇಡ ಎಂದಳು.

"ಅಳು ಮುಗಿಸ್ಕೊಂಡು ಬಾ," ಎಂದಳು ಗೆಳತಿಗೆ. "ನಾನು ಎಲ್ಲೂ ಹೋಗಲ್ಲ."

ಅಳು ಮುಗಿಯಲು ಹೊತ್ತು ಹಿಡಿಯಿತು. ಆಮೇಲೆ ಕೇಕಿನವಳು ಮೂಗೊರೆಸಿಕೊಂಡು ಹಾಸಿಗೆಯ ಮೇಲೆ ಹತ್ತಿ ಕೂತಳು. ಏನು ಮಾತಾಡಬೇಕೋ ತೋಚದೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದಳು.

"ಥೂ, ಇದೇನೇ ಬಣ್ಣ ಇಷ್ಟು ಪೇಲವ? ಗ್ಲಾಸಿ ತಗೋಬಾರ್ದಿತ್ತಾ?"

ಬಾಗಿಲ ಬಳಿ ನಿಂತಿದ್ದ ಅಣ್ಣ ತಟ್ಟನೆ ತಂಗಿಯ ಕಡೆ ನೋಡಿದ.

"ಗ್ಲಾಸಿಲಿ ನನ್ನ ಮುಖ ಕಾಣುತ್ತೆ," ಎಂದಳು ತಂಗಿ. "ಆಟದ ಮಧ್ಯ ಬೆಚ್ಚಿಬಿದ್ದು ಗುಂಡು ನಿಂಗೇ ಹೊಡ್ದುಬಿಡ್ತೀನಿ."

 ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದು ಕೇಕಿನವಳಿಗೆ ಬಿಕ್ಕಳಿಕೆ ಹತ್ತಿತು. ತಂಗಿ ನಗಲಿಲ್ಲ. ಮುಂದಿನ ತಿಂಗಳು ಬಾಯಿಯ ತುದಿಗೆ ಇನ್ನೊಂದು ಆಪರೇಷನ್ ಇದೆ, ಆಮೇಲೆ ಕಣ್ಣಿನ ಕೆಳಗೆ ಮತ್ತೊಂದು, ಅಲ್ಲಿಯವರೆಗೆ ನಕ್ಕರೆ ಎಳೆಯುತ್ತದೆ ಎಂದು ವಿವರಿಸಿದಳು. ಆಮೇಲೆ, "ನೀರು ಕುಡಿ. ಆಡ್ತೀಯೋ ಇಲ್ವೋ?" ಎಂದಳು.

ಅಣ್ಣ 'ಡ್ಯೂಟಿಗೆ ಹೊತ್ತಾಯಿತು' ಎಂದು ಹೊರಗೆ ಬಂದ. ಮುಂಕೋಣೆಯಲ್ಲಿ ಅಮ್ಮ ಯಂತ್ರದ ಮುಂದೆ ಕೂತಿದ್ದಳು. ಅಂಗಿಯ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಹಚ್ಚಿ ಹೊಲಿದುಬಿಟ್ಟಿದ್ದಳು. ಈಗ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದಳು. ಆವತ್ತಿನ ಮೇಲೆ ಮಗಳು ಅವಳೊಂದಿಗೆ ಬೇಕಾದಷ್ಟಕ್ಕೆ ಮಾತ್ರ ಮಾತಾಡುತ್ತಿದ್ದಳು.

ಕೋಣೆಯಿಂದ ಜೋರು ದನಿ ಕೇಳಿತು. ಅಮ್ಮನ ಕೈ ನಿಂತಿತು.

"ಅಳ್ತಿದಾಳಾ?"

ಅಣ್ಣ ಕಿವಿಗೊಟ್ಟ. ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತಿತ್ತು: ಎಡಕ್ಕೆ ತಿರುಗು ಅಂದ್ರೆ ಬಲಕ್ಕೆ ಯಾಕೇ ತಿರುಗ್ತೀಯ, ಬೆರಳು ಬಗ್ಗಲ್ಲ ಕಣೇ ನಂಗೆ, ಬಗ್ಗದಿದ್ರೆ ಇನ್ನೊಂದು ಬೆರಳು ಉಪಯೋಗ್ಸು, ಹೇಳೋದು ಸುಲಭ.

"ಇಲ್ಲ," ಎಂದ. "ಜಗಳ ಆಡ್ತಿದಾರೆ."

"ಆಡ್ಲಿ," ಎಂದಳು ಅಮ್ಮ. ಬ್ಲೇಡು ಕೆಳಗಿಟ್ಟು, ತೋಳಿಲ್ಲದ ಅಂಗಿಯಿಂದಲೇ ಕಣ್ಣೊತ್ತಿಕೊಂಡಳು. ಅಣ್ಣ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.